ಕಾವಲಿನ ಹುಲ್ಲು ಮತ್ತು ಪಾಠಪಟ್ಟಿ: ಜೀವವಿಜ್ಞಾನದ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತು ಒಂದು ವಿಮರ್ಶೆ

ಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದವರಿಂದ ಸಮಾಜಕ್ಕೆ ಆಗತಕ್ಕ ಉಪಕಾರವೇನು ಎಂಬ ಪ್ರಶ್ನೆಗೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಔಷಧ, ಲಸಿಕೆ, ಬೆಳೆ ಮುಂತಾದವನ್ನು ಎಣಿಸಿ ತೋರಿಸುವುದು ಒಂದು. ಜ್ಞಾನವು ತನಗೆ ತಾನೇ ಪ್ರಯೋಜನವಾದುದು, ಅದನ್ನು ತಕ್ಕಡಿಯಲ್ಲಿಟ್ಟು ತೂಗಬಾರದು ಎಂದು ಹೇಳಿ ಪ್ರಶ್ನೆಯನ್ನೇ ಬದಿಗೆ ಸರಿಸುವುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡನ್ನೂ ಲಂಡನ್ನಿನಲ್ಲಿ ಹೇಳಿದರೂ ನಡೆಯುತ್ತದೆ, ಲಕ್ಕವಳ್ಳಿಯಲ್ಲಿ ಹೇಳಿದರೂ ನಡೆಯುತ್ತದೆ. ಇತಿಹಾಸವನ್ನು ಬೋಧಿಸುವ ನಮಗೆ ಇಂಥ ಉತ್ತರಗಳಲ್ಲಿ ನಂಬಿಕೆ ಕಡಮೆ. ಆದುದರಿಂದ ಪ್ರಶ್ನೆಯನ್ನು ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳ ಮಟ್ಟಿಗೆ ಇಳಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ವಿಜ್ಞಾನ ವಿಭಾಗದ ಮಿತ್ರರು ಇದನ್ನು ಅಧಿಕಪ್ರಸಂಗವೆಂದು ಎಣಿಸಿದರೆ ನಾವು ಆಕ್ಷೇಪಿಸುವುದಿಲ್ಲ. ಅವರು ನಮ್ಮ ಶಾಸನಗಳನ್ನು ಓದಲು ಬಂದರೆ ನಾವೂ ಅಷ್ಟೇ ಸಂತೋಷದಿಂದ ಅಧಿಕಪ್ರಸಂಗಿಗಳೆಂದು ಕರೆಯುತ್ತೇವೆ.

ಈ ಸೀಮೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ೧೯೪೭ರವರೆಗೆ ಇಡೀ ಜಿಲ್ಲೆಗೇ ಕಡೂರೆಂಬ ಹೆಸರಿದ್ದಿತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಕೆಮ್ಮಣ್ಣುಗುಂಡಿ, ಭದ್ರೆಯ ಕಾಡು; ಪೂರ್ವಕ್ಕೆ ಮಳೆಯ ನೆರಳಿನಲ್ಲಿ ಬಿದ್ದ ಬಯಲುಸೀಮೆ. ತರೀಕೆರೆಯ ಅಡಕೆ ತೋಟದಿಂದ ಹೊರಟವನು ಕಡೂರಿನ ತೆಂಗನ್ನು ದಾಟಿ ಅಜ್ಜಂಪುರದ ಈರುಳ್ಳಿಯ ಹೊಲಕ್ಕೆ ಬರುವುದರೊಳಗೆ ಕರ್ನಾಟಕದ ಅರ್ಧ ಭೂಗೋಳವನ್ನು ನೋಡಿದಂತಾಗುತ್ತದೆ. ಇವುಗಳ ನಡುವೆ, ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲಿನ ಕಿಟಕಿಯಲ್ಲಿ, ಮರವೂ ಇಲ್ಲದ ಪೈರೂ ಇಲ್ಲದ ವಿಸ್ತಾರವಾದ ನೆಲ ಅಲ್ಲಲ್ಲಿ ಕಾಣಿಸುತ್ತದೆ. ಪ್ರಯಾಣಿಕರು ಅದನ್ನು ಬರೀ ಬಯಲೆಂದು ತಿಳಿದು ನಿದ್ದೆಹೋಗುತ್ತಾರೆ. ಅದೇ ಅಮೃತಮಹಲ್ ಕಾವಲು.

ಕೆಲವು ತಿಂಗಳ ಹಿಂದೆ ಇಂಥದೊಂದು ಕಾವಲಿನ ಅಂಚಿಗೆ ನಾವು ಒಂದು ವೀರಗಲ್ಲನ್ನು ನೋಡಲು ಹೋಗಿದ್ದೆವು. ತುರುಗಾಳಗದಲ್ಲಿ ಮಡಿದ ವೀರನ ಕಲ್ಲು. ಅಕ್ಷರಗಳು ಸವೆದಿದ್ದುವು, ಕೆಳಗಣ ಫಲಕದಲ್ಲಿ ಹಸುಗಳ ಸಾಲು ಮಾತ್ರ ಸ್ಪಷ್ಟವಾಗಿತ್ತು. ನಮ್ಮ ಜೊತೆಯಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನು ಆಗತಾನೆ ಮುಗಿಸಿದ್ದ ಒಬ್ಬ ಹಳೆಯ ವಿದ್ಯಾರ್ಥಿಯಿದ್ದನು. ಊರು ಅಲ್ಲಿಯೇ ಸಮೀಪ; ಮೋಟಾರುಬೈಕು ಅವನದು. ಕಲ್ಲಿನ ಬಳಿ ನಾಲ್ಕೈದು ಹಸುಗಳನ್ನು ಮೇಯಿಸುತ್ತಿದ್ದ ವೃದ್ಧರೊಬ್ಬರು ಕುಳಿತಿದ್ದರು. ಮಾತು ಕಲ್ಲಿನಿಂದ ದನಕ್ಕೆ, ದನದಿಂದ ಹುಲ್ಲಿಗೆ ತಿರುಗಿತು. ಅವರು ಕೈಚಾಚಿದಲ್ಲೆಲ್ಲ ಒಂದೊಂದು ಹೆಸರು ಹೇಳಿದರು: ಇದು ಗರಿಕೆ, ಅದು ಬಾದೆ, ಆಚೆಯದು ಊಬು ಬಂದರೆ ದನದ ಬಾಯಿಗೆ ಚುಚ್ಚುವಂಥದು, ಅದಕ್ಕೆ ಮುಂಚೆಯೇ ಮೇಯಿಸಿಬಿಡಬೇಕು. ವಿದ್ಯಾರ್ಥಿಗೆ ಅವುಗಳಲ್ಲಿ ಒಂದರ ಶಾಸ್ತ್ರೀಯ ನಾಮವೂ ತಿಳಿದಿರಲಿಲ್ಲ. ಅವನು ಓದಿದ್ದು ಪ್ರಾಣಿಶಾಸ್ತ್ರ, ಹುಲ್ಲು ಸಸ್ಯಶಾಸ್ತ್ರದವರ ಪಾಲಿನದು ಎಂದು ಅವನು ಹೇಳಿದಾಗ ವೃದ್ಧರು ನಕ್ಕು, "ಹಸ ಹಂಗೆ ಬೇರೆ ಮಾಡಿ ತಿನ್ನಲ್ಲ ಕಣಪ್ಪ" ಎಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಪದವೀಧರರನ್ನು ಹಳ್ಳಿಗರಿಂದ ಹಂಗಿಸುವ ಹಳೆಯ ಜಾಡಿನ ಕಥೆಯಾಗುತ್ತಿತ್ತು. ನಾವು ಅದನ್ನು ಇಲ್ಲಿ ಬರೆಯುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವೃದ್ಧರೇ ಒಂದು ಪ್ರಶ್ನೆಯನ್ನು ಕೇಳಿದರು. ತಮ್ಮ ತಂದೆಯ ಕಾಲದಲ್ಲಿ ದನಗಳಿಗೆ ಇಷ್ಟು ಉಣ್ಣೆ ಹತ್ತುತ್ತಿರಲಿಲ್ಲ. ಈಗ ಮೈತುಂಬ ಹತ್ತುತ್ತದೆ. ಔಷಧಿ ಹಚ್ಚಿದರೂ ಹದಿನೈದು ದಿನಕ್ಕೆ ಮತ್ತೆ ಅಷ್ಟೇ. ಇದೇಕೆ? ವಿದ್ಯಾರ್ಥಿಯ ಮುಖ ಅರಳಿತು. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣೆಯು ದನದ ಮೈಯಿಂದ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹುಲ್ಲಿನ ತುದಿಯನ್ನು ಹತ್ತಿ ಕಾದು ಕುಳಿತಿರುತ್ತವೆ. ದನ ಬಾರದೆ ಹೋದರೆ ಕೆಲವು ತಿಂಗಳುಗಳಲ್ಲಿ ಹಸಿದು ಸಾಯುತ್ತವೆ ಎಂದು ಅವನು ನೆಲದ ಮೇಲೆ ಗೀಚಿ ವಿವರಿಸಿದನು. ವೃದ್ಧರು ತಲೆದೂಗಿದರು. "ಅಂಗಂದ್ರೆ ಒಂದೇ ಜಾಗದಲ್ಲಿ ವರ್ಷಪೂರ್ತಿ ಮೇಯ್ಸಬಾರದು. ನಮ್ಮಪ್ಪ ಅಂಗೇ ಮಾಡ್ತಿದ್ದ. ಮಳೆಗಾಲಕ್ಕೆ ಒಂದು ಕಡೆ, ಬ್ಯಾಸಿಗೆಗೆ ಒಂದು ಕಡೆ. ಈಗ ಹೋಗೋಕೆ ಜಾಗ ಎಲ್ಲೈತೆ ಸ್ವಾಮಿ?"

ಆ ಕ್ಷಣದಲ್ಲಿ ನಮಗೆ ಹೊಳೆದುದು ನಮ್ಮದೇ ಶಾಸ್ತ್ರದ ಒಂದು ಸಂಗತಿ. ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿದ್ದರೆಂಬುದನ್ನು ರೈಸ್ ಅವರ ಮೈಸೂರು ಗೆಜೆಟಿಯರನ್ನು ಓದಿದವರೆಲ್ಲರೂ ಬಲ್ಲರು. ನಾವೂ ತರಗತಿಯಲ್ಲಿ ಅದನ್ನು ಎಷ್ಟೋ ಸಲ ಹೇಳಿದ್ದೇವೆ. ಅರಸರ ಆಡಳಿತದಕ್ಷತೆಗೆ ಒಂದು ನಿದರ್ಶನವೆಂಬಂತೆ ಹೇಳಿ ಮುಂದಕ್ಕೆ ಹೋಗಿದ್ದೇವೆ. ನೀರು, ನೆರಳು, ಹುಲ್ಲಿನ ಹದ ಇವುಗಳಿಗಾಗಿ ಮಾಡಿದ ಈ ವಿಂಗಡಣೆಯು ಉಣ್ಣೆಯ ಜೀವನಚಕ್ರವನ್ನೂ ಮುರಿಯುತ್ತಿದ್ದಿರಬಹುದೆಂಬ ಊಹೆ ನಮಗೆ ಎಂದೂ ಬಂದಿರಲಿಲ್ಲ. ದಾಖಲೆ ನಮ್ಮ ಕೈಯಲ್ಲಿತ್ತು, ಅದರ ಅರ್ಥದ ಒಂದು ಭಾಗ ವಿದ್ಯಾರ್ಥಿಯ ಕೈಯಲ್ಲಿತ್ತು, ಅನುಭವ ವೃದ್ಧರ ಕೈಯಲ್ಲಿತ್ತು. ಮೂವರೂ ಒಂದು ವೀರಗಲ್ಲಿನ ಬಳಿ ಸೇರಿದ್ದು ಕೇವಲ ಆಕಸ್ಮಿಕ. ಈ ಆಕಸ್ಮಿಕವನ್ನು ಪಾಠಕ್ರಮವನ್ನಾಗಿ ಮಾಡಲು ಏನು ಅಡ್ಡಿ ಎಂಬುದೇ ನಮ್ಮ ಪ್ರಶ್ನೆ.

ಅಮೃತಮಹಲಿನ ಇತಿಹಾಸವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆಯುವುದು ಅಗತ್ಯ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಲ್ಲಿ ಈ ಇಲಾಖೆಗೆ ಬೆಣ್ಣೆ ಚಾವಡಿಯೆಂದು ಹೆಸರು. ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದ ಬೆಳೆದುಬಂದ ಈ ತಳಿಯ ಎತ್ತುಗಳು ಹೆಸರಿಗೆ ಬೆಣ್ಣೆಯ ಚಾವಡಿಗೆ ಸೇರಿದವಾದರೂ ಎಳೆದದ್ದು ಫಿರಂಗಿಯನ್ನು. ಹೈದರಲಿಯ ಸೈನ್ಯವು ಎರಡೂವರೆ ದಿವಸಗಳಲ್ಲಿ ೧೦೦ ಮೈಲಿಗಳನ್ನು ನಡೆದು ಚಿದಂಬರದ ನೆರವಿಗೆ ಧಾವಿಸಿದ್ದು ಇವುಗಳ ಬಲದಿಂದಲೇ ಎಂದು ಪ್ರಸಿದ್ಧಿ. ೧೭೯೯ರ ಅನಂತರ ಹಿಂಡುಗಳು ಕ್ಷೀಣಿಸಿದುವು. ೧೮೧೩ರಲ್ಲಿ ಮದ್ರಾಸಿನ ಸೈನ್ಯದ ಸರಬರಾಯಿ ಇಲಾಖೆಗೆ ಸೇರಿದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದಮೇಲೆ ಚೇತರಿಸಿಕೊಂಡುವು. ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಡೀ ಹಿಂಡನ್ನು ಒಡೆದು ಮಾರಿಬಿಟ್ಟರು. ಆರೇಳು ವರ್ಷಗಳೊಳಗೆ ತಪ್ಪು ತಿಳಿದು, ಚದುರಿಹೋದ ದನಗಳನ್ನು ಮತ್ತೆ ಕೂಡಿಸಬೇಕಾಯಿತು. ೧೮೮೧ರ ಅಧಿಕಾರ ಹಸ್ತಾಂತರದ ಅನಂತರ ಇಲಾಖೆಯು ಮೈಸೂರು ಸರ್ಕಾರಕ್ಕೆ ಬಂದಿತು. ೧೯೨೯ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಸ್ಥಾಪಿತವಾಯಿತು.

ಈ ಚರಿತ್ರೆಯಲ್ಲಿ ನಾವು ಒತ್ತಿ ಹೇಳಬೇಕೆಂದಿರುವುದು ಫಿರಂಗಿಯ ವಿಷಯವನ್ನಲ್ಲ. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ ಹುಲ್ಲುಗಾವಲನ್ನು ಋತುವಿಗೆ ತಕ್ಕಂತೆ ಬಳಸಿ, ಒಂದು ತಳಿಯನ್ನು ಸುಮಾರು ಮೂರು ಶತಮಾನಗಳ ಕಾಲ ಲೆಕ್ಕವಿಟ್ಟು ಸಾಕಿದ ಒಂದು ಪ್ರಯೋಗ ನಮ್ಮ ಮನೆಯ ಬಾಗಿಲಲ್ಲೇ ನಡೆದಿದೆ. ಜಗತ್ತಿನಲ್ಲಿ ಇಂಥ ದೀರ್ಘಪ್ರಯೋಗಗಳು ಎಷ್ಟಿವೆ? ತಳಿಶಾಸ್ತ್ರ, ಹುಲ್ಲುಗಾವಲಿನ ಪರಿಸರಶಾಸ್ತ್ರ, ಪರೋಪಜೀವಿಗಳ ಶಾಸ್ತ್ರ, ಇವೆಲ್ಲಕ್ಕೂ ಇದಕ್ಕಿಂತ ಸಮೃದ್ಧವಾದ ಪಾಠಶಾಲೆ ಬೇಕೆ? ಆದರೂ ನಮ್ಮ ಸೀಮೆಯಿಂದ ಹೋಗಿ ಜೀವವಿಜ್ಞಾನವನ್ನು ಓದಿ ಬಂದ ಹುಡುಗರನ್ನು ವಿಚಾರಿಸಿದರೆ, ಮೆಂಡಲನ ಬಟಾಣಿಯ ಲೆಕ್ಕವನ್ನು ಅವರು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅಜ್ಜಂಪುರದ ಹಿಂಡಿನ ವಂಶಾವಳಿಯ ಪುಸ್ತಕವನ್ನು ಮುಟ್ಟಿ ನೋಡಿದವರು ನಮಗೆ ಎದುರಾಗಿಲ್ಲ.

ಹಿಂದೆ ಹೀಗಿರಲಿಲ್ಲವೆಂದು ತೋರಿಸಲು ಒಂದು ಉದಾಹರಣೆ ಸಾಕು. ೧೯೦೮ರಲ್ಲಿ ಮೈಸೂರು ಸರ್ಕಾರವು ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣನನ್ನು ಕೀಟಶಾಸ್ತ್ರಜ್ಞನನ್ನಾಗಿಯೂ ಶಿಲೀಂಧ್ರಶಾಸ್ತ್ರಜ್ಞನನ್ನಾಗಿಯೂ ನೇಮಿಸಿಕೊಂಡಿತು. ಜರ್ಮನಿಯ ಗಟಿಂಗೆನ್ನಿನಲ್ಲಿ ಉನ್ನತ ವ್ಯಾಸಂಗ ಮಾಡಿದವನು; ಅಡಕೆಯ ಮರವನ್ನು ಅದಕ್ಕೆ ಮುಂಚೆ ಕಂಡಿದ್ದಿರಲಾರನು. ಮಲೆನಾಡಿನ ತೋಟಗಳಲ್ಲಿ ಆಗ ಕೊಳೆರೋಗದ ಹಾವಳಿ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ಒಂದು ವರ್ಷದ ದುಡಿಮೆಯೆಲ್ಲ ಮರದ ಬುಡಕ್ಕೆ ಬೀಳುತ್ತಿತ್ತು. ತೋಟದವರು ಗೊನೆಗಳಿಗೆ ಹುಲ್ಲಿನಿಂದಲೋ ಎಲೆಯಿಂದಲೋ ‘ಕೊಟ್ಟೆ’ಯನ್ನು ಕಟ್ಟಿ ಮಳೆಯ ನೀರು ತಾಗದಂತೆ ಮಾಡುತ್ತಿದ್ದರು. ಕೋಲ್ಮನ್ ಇದನ್ನು ಮೂಢಾಚಾರವೆಂದು ತಳ್ಳಲಿಲ್ಲ. ನೀರು ತಾಗದ ಗೊನೆ ಉಳಿಯುತ್ತದೆ ಎಂಬುದು ಜನರು ತಲೆಮಾರುಗಳಿಂದ ಮಾಡಿದ್ದ ಪ್ರಯೋಗದ ಫಲ. ರೋಗಕ್ಕೆ ಕಾರಣವಾದ ಶಿಲೀಂಧ್ರವು ನೀರಿನಲ್ಲಿ ಹರಡತಕ್ಕದ್ದೆಂಬ ಶಾಸ್ತ್ರದ ನಿರ್ಣಯ ಅದಕ್ಕೆ ಹೊಂದಿಕೊಂಡಿತು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಿಗಾಗಿ ೧೮೮೦ರ ದಶಕದಲ್ಲಿ ಕಂಡುಹಿಡಿದಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅವನು ಅಡಕೆಯ ಗೊನೆಗೆ ಹೊಡೆಸಿ ನೋಡಿದನು. ಇಂದಿಗೂ ಮುಂಗಾರಿನ ಹೊತ್ತಿಗೆ ತರೀಕೆರೆಯ ತೋಟಗಳಲ್ಲಿ ಔಷಧಿ ಹೊಡೆಯುವವರು ಮರವೇರುವುದನ್ನು ನೋಡಬಹುದು.

ಗಮನಿಸಬೇಕಾದ ಒಂದು ಸ್ವಾರಸ್ಯವುಂಟು. ಆ ಮನುಷ್ಯನು ತನ್ನ ಆಂಗ್ಲ ಬರವಣಿಗೆಯಲ್ಲಿ ರೋಗಕ್ಕೆ ಬೇರೆ ಹೆಸರನ್ನು ಹುಡುಕಲಿಲ್ಲ. ‘ಕೊಳೆರೋಗ’ ಎಂಬ ನಮ್ಮ ಮಾತನ್ನೇ ಇಟ್ಟುಕೊಂಡನು. ಅದು ಇಂದು ಪ್ರಪಂಚದ ಸಸ್ಯರೋಗಶಾಸ್ತ್ರದ ಪುಸ್ತಕಗಳಲ್ಲಿ ಹಾಗೆಯೇ ಇದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಉಣುಗಿನಿಂದ ಹರಡುವ ಹೊಸ ವೈರಸ್ಸೊಂದನ್ನು ಗುರುತಿಸಿ ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ವಿಶ್ವದ ಜೀವವಿಜ್ಞಾನಕ್ಕೆ ನಮ್ಮ ಭಾಷೆ ಕೊಟ್ಟ ಮಾತುಗಳು ಬಹುಮಟ್ಟಿಗೆ ರೋಗಗಳ ಹೆಸರುಗಳಾಗಿರುವುದು ನಗುವ ಸಂಗತಿಯೋ ಅಳುವ ಸಂಗತಿಯೋ, ವಾಚಕರೇ ನಿರ್ಧರಿಸಲಿ.

ಕೋಲ್ಮನ್ ಹೊರಗಿನವನು, ಸರ್ಕಾರದ ನೌಕರ. ವಿಶ್ವವಿದ್ಯಾನಿಲಯದೊಳಗಿನಿಂದ ಬಂದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರನ್ನು (೧೮೮೨–೧೯೬೦) ಹೆಸರಿಸಬೇಕು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ೧೯೩೭ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದಾಗ ಅವುಗಳಲ್ಲಿ ಒಂದಕ್ಕೆ ಕೊಟ್ಟಿಗೆಹಾರದ ಹೆಸರು ಸೇರಿತು. ದೊರೆತ ಸ್ಥಳ ‘ಕಡೂರು ಜಿಲ್ಲೆ’ ಎಂದು ನಮೂದಾಯಿತು. ಜಿಲ್ಲೆಯ ಹೆಸರು ಬದಲಾಗಿ ಇಷ್ಟು ವರ್ಷಗಳಾದ ಮೇಲೂ ಕಪ್ಪೆಯ ದಾಖಲೆಯಲ್ಲಿ ಕಡೂರು ಉಳಿದುಕೊಂಡಿದೆ. ಉಳಿಯದೆ ಹೋದದ್ದು ಕಪ್ಪೆಗಳು: ರಾಯರು ವರ್ಣಿಸಿದ ಮೂಲ ಮಾದರಿಗಳು ಕಳೆದುಹೋಗಿವೆಯೆಂದು ಮುಂದಿನ ವಿದ್ವಾಂಸರು ಬರೆದಿದ್ದಾರೆ. ಮೂಲಮಾದರಿ ಜೀವವಿಜ್ಞಾನಕ್ಕೆ ತಾಮ್ರಪಟವಿದ್ದಂತೆ. ಪ್ರತಿಯೊಬ್ಬ ಸಂಶೋಧಕನೂ ಕೊನೆಗೆ ಅದರ ಮುಂದೆ ಬಂದು ನಿಂತು ತನ್ನ ಓದು ಸರಿಯೇ ಎಂದು ನೋಡಿಕೊಳ್ಳಬೇಕು. ತಾಮ್ರಪಟ ಕಳೆದರೆ ನಾವು ಗೋಳಾಡುತ್ತೇವೆ. ಸೀಸೆಯಲ್ಲಿದ್ದ ಕಪ್ಪೆ ಕಳೆದರೆ ಅದು ಪತ್ರಾಗಾರದ ನಷ್ಟವೆಂದು ನಮಗೆ ತೋರುವುದಿಲ್ಲ. ಈ ತಪ್ಪು ವಿಜ್ಞಾನಿಗಳದಷ್ಟೇ ಅಲ್ಲ, ಚರಿತ್ರಕಾರರದೂ ಹೌದು.

ಇನ್ನು ಸಾಹಿತ್ಯ. ಜೀವವಿಜ್ಞಾನದ ವ್ಯಾಸಂಗ ಹೇಗಿರಬೇಕೆಂಬುದನ್ನು ಕನ್ನಡದಲ್ಲಿ ಕಲ್ಪಿಸಿಕೊಟ್ಟ ಪುಸ್ತಕಗಳು ಎರಡು: ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ನಮ್ಮ ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕನ್ನಡವನ್ನು ಓದುವವರು ಇವೆರಡನ್ನೂ ಬಲ್ಲರು. ಕೆಲವರು ಇವನ್ನು ಓದಿಯೇ ಆ ಶಾಸ್ತ್ರಕ್ಕೆ ಸೇರಿದವರು. ಆದುದರಿಂದ ಇವುಗಳನ್ನು ಬರಿಯ ಸಾಹಿತ್ಯಕೃತಿಗಳೆಂದಲ್ಲದೆ ಶಿಕ್ಷಣದ ಆದರ್ಶಗಳೆಂದೂ ಪರಿಶೀಲಿಸುವುದು ನ್ಯಾಯ.

‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳಲ್ಲಿ ಅಲೆದ ಕಥೆಯದು. ಚಿತ್ರಗಳೂ ಅವರ ಕೈಯವೇ. ಅದರ ಗುಣವೇನೆಂದು ಹಾಸ್ಯವನ್ನೇ ಎಲ್ಲರೂ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದರ ನಿಜವಾದ ಗುಣ ಬೋಧನೆಯ ಕ್ರಮದಲ್ಲಿದೆ: ಅಲ್ಲಿ ಗಿಡವು ಮೊದಲು, ಹೆಸರು ಆಮೇಲೆ. ವಿದ್ಯಾರ್ಥಿ ಮುಟ್ಟಿ, ಮೂಸಿ, ಕೆಲವು ವೇಳೆ ಅಗಿದು ಪಟ್ಟುಬಿದ್ದ ಮೇಲೆಯೇ ಶಾಸ್ತ್ರ ಬರುತ್ತದೆ. ಅದರೊಡನೆ ಗಿಡದ ಲೋಕವ್ಯವಹಾರವೂ ಬರುತ್ತದೆ, ಅಡುಗೆ, ಔಷಧ, ಕಾವ್ಯ, ವ್ಯಾಪಾರ. ಇದೇ ಲೇಖಕರು ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕವನ್ನು ಬರೆದರು. ಆಲೂಗಡ್ಡೆ, ಮೆಣಸಿನಕಾಯಿಗಳು ಕಡಲು ದಾಟಿ ನಮ್ಮ ಅಡುಗೆಮನೆಗೆ ಬಂದ ಚರಿತ್ರೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ದಲ್ಲಿ ಹೇಳಿದರು. ಸಸ್ಯಶಾಸ್ತ್ರಜ್ಞರೊಬ್ಬರು ಶಾಸನಗಳೊಳಕ್ಕೆ ಬಂದರು. ಅದಕ್ಕೆ ಪ್ರತಿಯಾಗಿ ನಮ್ಮವರಲ್ಲಿ ಎಷ್ಟು ಮಂದಿ ತೋಟದೊಳಕ್ಕೆ ಹೋದರು ಎಂದು ಕೇಳಿದರೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ‘ಹಸುರು ಹೊನ್ನಿ’ನಲ್ಲಿ ಹಳ್ಳಿಯವರೂ ಕಾಡಿನವರೂ ಬಂದುಹೋಗುತ್ತಾರೆ, ಗಿಡದ ಹೆಸರನ್ನು ಹೇಳುತ್ತಾರೆ, ದಾರಿ ತೋರಿಸುತ್ತಾರೆ, ನಗಿಸುತ್ತಾರೆ. ಅವರಿಗೆ ಆ ಕಾಡಿನ ಮೇಲೆ ಏನು ಹಕ್ಕು, ಏನು ಸಾಲ, ಯಾರೊಡನೆ ಜಗಳ ಎಂಬುದು ಪುಸ್ತಕದ ವಿಷಯವಲ್ಲ. ಪ್ರವಾಸ ಮುಗಿದ ಮೇಲೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ರೈಲು ಹತ್ತುತ್ತಾರೆ. ಪ್ರವಾಸಕಥನಕ್ಕೆ ಇದು ದೋಷವಲ್ಲ. ಇದನ್ನೇ ಕ್ಷೇತ್ರಕಾರ್ಯದ ಪೂರ್ಣಸ್ವರೂಪವೆಂದು ನಮ್ಮ ವಿಭಾಗಗಳು ತಿಳಿದರೆ ದೋಷವಾಗುತ್ತದೆ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿ, ಕಲ್ಲತ್ತಿಗಿರಿಯ ನೀರಿನಲ್ಲಿ ಮಿಂದು, ಹತ್ತು ಗಿಡಗಳನ್ನು ಕಿತ್ತು ತರುವ ಪ್ರವಾಸಗಳು ಸ್ವಾ‌ಮಿಯವರ ಅನುಕರಣೆಯಂತೆ ಕಂಡರೂ ಅವರ ಹಾಸ್ಯವನ್ನೂ ಇಟ್ಟುಕೊಂಡಿಲ್ಲ, ಹಟವನ್ನೂ ಇಟ್ಟುಕೊಂಡಿಲ್ಲ.

‘ಕರ್ವಾಲೊ’ (೧೯೮೦) ಈ ಕೊರತೆಯನ್ನು ತುಂಬಿಕೊಡುತ್ತದೆ. ಅಲ್ಲಿ ವಿಜ್ಞಾನಿಯು ಊರಿನೊಳಗೇ ಇದ್ದಾನೆ. ಜೇನು ಹಿಡಿಯುವ ಮಂದಣ್ಣನು ಹುಟ್ಟಿನಿಂದಲೇ ನಿಸರ್ಗಶಾಸ್ತ್ರಜ್ಞನೆಂಬುದನ್ನು ಊರೆಲ್ಲ ಅಲ್ಲಗಳೆದರೂ ಕರ್ವಾಲೊ ಗುರುತಿಸುತ್ತಾನೆ. ಕಳ್ಳಭಟ್ಟಿಯ ಮೊಕದ್ದಮೆ, ಮದುವೆಯ ತಾಪತ್ರಯ, ಬೇಸಾಯದ ಬೇಸರ ಇವುಗಳ ನಡುವೆಯೇ ಹಾರುವ ಓತಿಯ ಶೋಧನೆ ನಡೆಯುತ್ತದೆ. ಸಮಾಜವು ಇಲ್ಲಿ ವಿಜ್ಞಾನದ ಹಿನ್ನೆಲೆಯಾಗಿ ಬಾರದೆ, ಅದರ ಕಾಲಿಗೆ ತೊಡರುವ ಬಳ್ಳಿಯಾಗಿ ಬರುತ್ತದೆ. ಈ ಮಟ್ಟಿಗೆ ಕಾದಂಬರಿಯು ಎಷ್ಟೋ ಪಠ್ಯಪುಸ್ತಕಗಳಿಗಿಂತ ಸತ್ಯವಾದುದು. ಆದರೆ ಕರ್ವಾಲೊವಿಗೆ ತರಗತಿಯಿಲ್ಲ. ಅವನ ಜ್ಞಾನ ಮಂದಣ್ಣನಿಗೂ ನಿರೂಪಕನಿಗೂ ಸ್ನೇಹದಿಂದ ದಾಟುತ್ತದೆಯೇ ಹೊರತು ವಿದ್ಯಾಸಂಸ್ಥೆಯ ಮೂಲಕ ದಾಟುವುದಿಲ್ಲ. ಪದವಿ, ಪರೀಕ್ಷೆ, ಪ್ರಬಂಧ ಇವುಗಳಿಂದ ನಿಜವಾದ ಜೀವವಿಜ್ಞಾನ ಹುಟ್ಟೀತೆಂಬ ನಂಬಿಕೆ ತೇಜಸ್ವಿಯವರಿಗೆ ಇದ್ದಂತೆ ಕಾಣುವುದಿಲ್ಲ. ಓದುಗನಾಗಿ ಇದನ್ನು ಒಪ್ಪಿಬಿಡಬಹುದು. ಅಧ್ಯಾಪಕರಾದವರು ಒಪ್ಪಿದರೆ ರಾಜೀನಾಮೆ ಕೊಡಬೇಕಾಗುತ್ತದೆ.

ಎರಡು ಕೃತಿಗಳಿಗೂ ಸಾಮಾನ್ಯವಾದ ಇನ್ನೊಂದು ಲಕ್ಷಣವನ್ನು ಬಯಲುಸೀಮೆಯವರಾದ ನಾವು ಬಿಟ್ಟುಬಿಡುವಂತಿಲ್ಲ. ಎರಡೂ ಮಳೆಕಾಡಿನ ಕಡೆಯವು. ಕನ್ನಡದಲ್ಲಿ ಪ್ರಕೃತಿಯೆಂದರೆ ಮಲೆನಾಡು, ಹಸುರೆಂದರೆ ಮರ. ಕಣಿವೆಯ ಕತ್ತಲೆಗೆ ನಮ್ಮ ಗದ್ಯದಲ್ಲಿ ನೂರು ವಿಶೇಷಣಗಳಿವೆ. ಮೊಣಕಾಲೆತ್ತರದ ಹುಲ್ಲಿಗೆ ಹತ್ತೂ ಸಿಕ್ಕುವುದು ಕಷ್ಟ. ಕಂದಾಯದ ಭಾಷೆಯೂ ಇದಕ್ಕೆ ಹೊಂದಿಕೊಂಡಿದೆ. ಸಾಗುವಳಿಗೆ ಬಾರದ ನೆಲ ‘ಖರಾಬು’, ಅಂದರೆ ಕೆಟ್ಟದ್ದು. ೨೦೦೦ದಲ್ಲಿ ಪ್ರಕಟವಾದ ಭಾರತದ ಬಂಜರುಭೂಮಿಗಳ ಭೂಪಟ ಸಂಪುಟದಲ್ಲಿ ಕುರುಚಲು ನೆಲವೂ ಹಾಳಾದ ಗೋಮಾಳವೂ ಬಂಜರಿನ ವರ್ಗಗಳಾಗಿಯೇ ಸೇರಿವೆ. ಬಂಜರೆಂದು ಕರೆದ ಮೇಲೆ ಅಲ್ಲಿ ನೀಲಗಿರಿಯನ್ನು ನೆಡುವುದು ಉಪಕಾರವಾಗಿ ತೋರುತ್ತದೆ. ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಹುಲ್ಲೆಯೂ ತೋಳವೂ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳೂ ನೆಲೆತಪ್ಪುತ್ತವೆಯೆಂದು ಹೇಳಬೇಕಾದವರು ಜೀವವಿಜ್ಞಾನದ ಪದವೀಧರರು. ಆ ಮಾತು ಹೊರಟಲ್ಲಿ ಫಲ ದೊರೆತಿದೆ: ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಸುಮಾರು ೭೩೬ ಹೆಕ್ಟೇರುಗಳನ್ನು ೨೦೧೧ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ತಡವಾದಲ್ಲಿ ಏನಾಗುತ್ತದೆಂಬುದಕ್ಕೆ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನು ನೋಡಬಹುದು. ಅಲ್ಲಿ ವರವು ಮತ್ತು ಉಳ್ಳಾರ್ತಿಯ ಕಾವಲುಗಳಲ್ಲಿ ಸಾವಿರಾರು ಎಕರೆಗಳು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಗಿ, ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಹುಲ್ಲು ಖರಾಬಲ್ಲವೆಂದು ಕುರಿಗಾಹಿಗಳು ನ್ಯಾಯಪೀಠದ ಮುಂದೆ ಸಾಧಿಸಬೇಕಾದ ಪ್ರಸಂಗ ಬಂದಿತು.

ಈಗಿನ ವ್ಯಾಸಂಗಕ್ರಮದ ವಿಷಯದಲ್ಲಿ ನಮ್ಮ ಮಾತು ಸಂಕ್ಷಿಪ್ತ. ಪ್ರಯೋಗಶಾಲೆಯ ವಿಜ್ಞಾನವನ್ನು ನಾವು ಹಳಿಯುವುದಿಲ್ಲ. ಉಣ್ಣೆಯ ಜೀವನಚಕ್ರವನ್ನು ಕಲಿಸಿದ್ದು ಅದೇ. ಆದರೆ ಎರಡು ವರ್ಷಗಳ ಕೊನೆಗೆ ಬರೆಯುವ ಪ್ರಬಂಧಗಳ ಹೆಸರುಗಳನ್ನು ಓದುತ್ತ ಹೋದರೆ ಒಂದು ಅಂಶ ಎದ್ದುಕಾಣುತ್ತದೆ: ಊರಿನ ಹೆಸರು ಶೀರ್ಷಿಕೆಯಲ್ಲಿದ್ದರೂ ಒಳಗೆ ಊರಿಲ್ಲ. ಇಂತಹ ಕೆರೆಯ ನೀರಿನ ಗುಣ, ಇಂತಹ ಗ್ರಾಮದ ಔಷಧೀಯ ಸಸ್ಯಗಳು. ಊರಿನ ಹೆಸರನ್ನು ಅಳಿಸಿ ಬೇರೆಯದನ್ನು ಬರೆದರೂ ಕೋಷ್ಟಕಗಳು ಹಾಗೆಯೇ ನಡೆಯುತ್ತವೆ. ಮದಗದಕೆರೆಯನ್ನು ಯಾರು ಕಟ್ಟಿದರು, ತೂಬು ಯಾವಾಗ ಕೆಟ್ಟಿತು, ಹೂಳು ಎಷ್ಟು ತುಂಬಿತು ಎಂಬುದನ್ನು ತಿಳಿಯದೆ ಅದರ ಮೀನಿನ ಸಂಖ್ಯೆಯನ್ನು ವಿವರಿಸುವುದು ಹೇಗೆ? ಇನ್ನೊಂದು ಉದಾಹರಣೆ. ಭದ್ರಾ ಅಭಯಾರಣ್ಯದೊಳಗಿನ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು ೨೦೦೧–೦೨ರ ಸುಮಾರಿಗೆ ಹೊರಕ್ಕೆ ಬಂದು, ಬಹುಪಾಲು ಜನ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ನೆಲೆಸಿದರು. ಕಾಡಿನೊಳಗೆ ಬಳಸುತ್ತಿದ್ದ ಸೊಪ್ಪು, ಬೇರು, ಅಣಬೆಗಳ ಜ್ಞಾನ ಅವರೊಡನೆ ಬಯಲಿಗೆ ಬಂದು ಏನಾಯಿತು? ಕಾಡನ್ನು ಕಂಡ ತಲೆಮಾರಿನವರು ಬದುಕಿರುವಾಗಲೇ ಬರೆಯಬೇಕಾದ ಪ್ರಬಂಧವಿದು. ಇದಕ್ಕೆ ದುಬಾರಿಯ ಯಂತ್ರವೇನೂ ಬೇಕಿಲ್ಲ.

ಮಾದರಿ ಇಲ್ಲದೆ ಇಲ್ಲ. ೧೯೯೦ರ ದಶಕದಲ್ಲಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲವಾಗಿ ಕೂಡಿಸಿ, ಊರಿನ ಜನರೊಡನೆ ಕುಳಿತು ಜನತಾ ಜೀವವೈವಿಧ್ಯ ದಾಖಲೆಗಳನ್ನು ಬರೆಯಿಸಿದರು. ೨೦೦೨ರ ಜೀವವೈವಿಧ್ಯ ಕಾಯಿದೆಯ ಅನಂತರ ಇಂಥ ದಾಖಲೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಹೊಣೆಯಾಯಿತು. ಹೊಣೆಯಾದೊಡನೆ ಅದಕ್ಕೆ ಗಡುವು ಬಂದಿತು, ಗಡುವಿನೊಡನೆ ಅವಸರ ಬಂದಿತು. ನಮ್ಮ ಕೈಗೆ ಸಿಕ್ಕಿದ ಒಂದು ದಾಖಲೆಯನ್ನು—ಊರನ್ನು ಹೆಸರಿಸುವುದು ಬೇಡ—ನಾವು ಶಾಸನವನ್ನು ಓದುವ ರೀತಿಯಲ್ಲಿ ಓದಿದೆವು. ಮಾಹಿತಿ ಕೊಟ್ಟವರ ವಯಸ್ಸಿಲ್ಲ, ಕೇಳಿದ ತಿಂಗಳಿಲ್ಲ. ಮಳೆ ಕಾಣದ ಊರಿನ ಪಟ್ಟಿಯಲ್ಲಿ ಮಳೆಕಾಡಿನ ಮರವೊಂದು ನಿಂತಿತ್ತು. ಬೇರೆ ಊರಿನ ಹಾಳೆಯಿಂದ ಅದು ನಡೆದುಬಂದಿದ್ದಿರಬೇಕು. ಕೂಟಶಾಸನವನ್ನು ಕಂಡುಹಿಡಿಯುವ ವಿದ್ಯೆ ನಮ್ಮ ವಿಭಾಗದ್ದು. ಅದು ಇಲ್ಲಿಯೂ ಉಪಯೋಗಕ್ಕೆ ಬಂದೀತೆಂದು ನಾವು ಅಂದುಕೊಂಡಿರಲಿಲ್ಲ. ಇಂಥ ದಾಖಲೆಯನ್ನು ತಿದ್ದಿ ಬರೆಯುವುದು ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದು ವರ್ಷದ ಕೆಲಸ. ಊರಿಗೆ ಅದು ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ.

ಅಂಕಗಳ ಪ್ರಶ್ನೆಯನ್ನು ಮಿತ್ರರೊಬ್ಬರು ಎತ್ತಿದರು: ದನಕಾಯುವವರ ಮಾತನ್ನು ಬರೆದುಕೊಂಡು ಬಂದರೆ ಬಾಹ್ಯಪರೀಕ್ಷಕರು ಅದನ್ನು ವಿಜ್ಞಾನವೆಂದು ಒಪ್ಪುವರೆ? ಒಪ್ಪದಿದ್ದರೆ ಕೋಲ್ಮನ್ನನ ಕೊಟ್ಟೆಯನ್ನು ಅವರಿಗೆ ನೆನಪುಮಾಡಿಕೊಡಬೇಕು. ಆದರೆ ಆಕ್ಷೇಪಣೆ ಪೂರ್ತಿ ಅಲ್ಲಗಳೆಯುವಂಥದಲ್ಲ. ವೃದ್ಧರ ಮಾತಿನಲ್ಲಿ ತಪ್ಪೂ ಇರಬಹುದು. ತಂದೆಯ ಕಾಲದಲ್ಲಿ ಉಣ್ಣೆ ಕಡಮೆಯಿತ್ತೆಂಬುದು ಮುಪ್ಪಿನ ನೆನಪು ಮಾಡುವ ಮೋಸವಾಗಿರಬಹುದು. ಚರಿತ್ರಕಾರರಿಗೆ ಈ ಮೋಸ ಚಿರಪರಿಚಿತ. ಅದನ್ನು ಪರೀಕ್ಷಿಸಲು ಎಣಿಸಬೇಕು, ಮೇಯಿಸಿದ ನೆಲದಲ್ಲಿ ಇಷ್ಟು, ಬಿಟ್ಟ ನೆಲದಲ್ಲಿ ಇಷ್ಟು ಎಂದು. ಎಣಿಸಲು ಕಲಿಸಿರುವುದು ಅವರಿಗೆ, ನಮಗಲ್ಲ.

ಆ ವಿದ್ಯಾರ್ಥಿಯು ಆಮೇಲೆ ಎರಡು ಸಲ ಒಬ್ಬನೇ ಕಾವಲಿಗೆ ಹೋಗಿಬಂದನು. ಸದ್ಯಕ್ಕೆ ಅವನಿಗೆ ಕೆಲಸವಿಲ್ಲ. ತಂದೆಯ ಜೊತೆ ಈರುಳ್ಳಿ ಕೀಳುತ್ತಾನೆ, ಸ್ಪರ್ಧಾಪರೀಕ್ಷೆಗೆ ಓದುತ್ತಾನೆ. ವೃದ್ಧರು ಹೇಳಿದ ಹದಿನೇಳು ಹುಲ್ಲುಗಳ ಹೆಸರನ್ನು ತೇದಿಸಹಿತ ಬರೆದುಕೊಂಡಿದ್ದಾನೆ. ಸಸ್ಯಶಾಸ್ತ್ರದ ಗೆಳತಿಯೊಬ್ಬಳ ನೆರವಿನಿಂದ ಒಂಬತ್ತಕ್ಕೆ ಶಾಸ್ತ್ರೀಯ ನಾಮ ದೊರೆತಿದೆ. ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿಟ್ಟ ಉಳಿದ ಎಂಟು ಹುಲ್ಲುಗಳು ನಮ್ಮ ಕೊಠಡಿಯಲ್ಲಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಕಡೂರು ಜಿಲ್ಲೆಯ ಸಂಪುಟದ ಭಾರಕ್ಕೆ ಒಣಗುತ್ತಿವೆ. ತೆನೆಯಿಲ್ಲದೆ ಹುಲ್ಲನ್ನು ಗುರುತಿಸುವುದು ಕಷ್ಟವಂತೆ. ಮಳೆ ನಿಂತು ತೆನೆ ಬಿಟ್ಟ ಮೇಲೆ ಬನ್ನಿ ಎಂದು ವೃದ್ಧರು ಹೇಳಿ ಕಳುಹಿಸಿದ್ದಾರೆ.